ಬಾರದ ದಿನವೂ ಬಂದ ಹಾಗೆ

ಹೆಸರು ಕರೆಯುವುದು ಅವರ ಕೆಲಸವಾಗಿತ್ತು. ಅವರನ್ನು ಮಾತ್ರ ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ. ಮಾಲಕರಿಂದ ಹಿಡಿದು ಐಸ್ ಒಡೆಯುವವರ ತನಕ ಎಲ್ಲರಿಗೂ ಅವರು ಅಕ್ಕೋರು. ನಮ್ಮ ಜಿಲ್ಲೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಇವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹೊನ್ನಾವರದ ಸೇತುವೆ ದಾಟಿ ಭಟ್ಕಳದ ಕಡೆಗೆ ಬಂದರೆ ಹೆದ್ದಾರಿಯ ಪಕ್ಕ ಒಂದು ಮೀನು ಕಾರ್ಖಾನೆ ಇದೆ; ಸಿಗಡಿ ಸುಲಿದು, ಹೆಪ್ಪುಗಟ್ಟಿಸಿ, ಹೊರಗೆ ಕಳಿಸುವ ಕಾರ್ಖಾನೆ. ಅಲ್ಲಿ ಲೆಕ್ಕ ನೋಡುತ್ತಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ನಾನು ಎಷ್ಟು ನೇರ ಇಟ್ಟುಕೊಂಡರೂ ಅದು ಮೆಲ್ಲಗೆ ಬಾಗಿಲ ಕಡೆ ತಿರುಗುತ್ತದೆ. ಅವರು ಹಾಗೇ ಕೂತು ಕೂತು ಅದರ ಒಂದು ಕಾಲು ಸವೆದಿದೆ.

ಅಕ್ಕೋರು ಎಂಬ ಹೆಸರು ಬಂದದ್ದು ಸಹಿಯಿಂದ. ಮೊದಲು ಕಾರ್ಖಾನೆಯ ಹೆಂಗಸರಲ್ಲಿ ಬಹಳ ಮಂದಿ ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ದಿನವಿಡೀ ಐಸಿನ ನಡುವೆ ಸಿಗಡಿ ಸುಲಿದ ಬೆರಳು ಬಿಳಿಚಿ ಸುಕ್ಕುಗಟ್ಟಿರುತ್ತದೆ. ಒತ್ತಿದರೆ ಗೆರೆಯೇ ಮೂಡುತ್ತಿರಲಿಲ್ಲ. "ಇದು ಯಾರ ಬೆರಳೂ ಆಗೂದು" ಎಂದು ಅಕ್ಕೋರು ಅದನ್ನು ನಿಲ್ಲಿಸಿದರು. ಊಟದ ಬಿಡುವಿನಲ್ಲಿ, ಒಡೆದ ಥರ್ಮೋಕೋಲ್ ಪೆಟ್ಟಿಗೆಗಳ ಮುಚ್ಚಳದ ಮೇಲೆ, ಬಾಲ್‌ಪೆನ್ನಿನಿಂದ ಅವರವರ ಹೆಸರು ಬರೆಸಿದರು. ಥರ್ಮೋಕೋಲಿನ ಮೇಲೆ ಪೆನ್ನು ಒತ್ತಿದಲ್ಲಿ ಅಕ್ಷರ ಕುಳಿ ಬೀಳುತ್ತದೆ. ಆ ಕುಳಿಯಲ್ಲೇ ಮತ್ತೆ ಮತ್ತೆ ತಿದ್ದಿದರೆ ಕೈ ಹಿಡಿತಕ್ಕೆ ಬರುತ್ತದೆ. ಹಾಗೆ ಕಲಿತವರನ್ನು ಇವತ್ತಿಗೂ ಗುರುತಿಸಬಹುದು. ಕಾಗದದ ಮೇಲೆ ಬರೆಯುವಾಗಲೂ ಹಿಂಬದಿಗೆ ಮೂಡುವಷ್ಟು ಒತ್ತುತ್ತಾರೆ.

ಸಂಬಳ ಬ್ಯಾಂಕಿಗೆ ಹೋಗುತ್ತದೆ. ಬೋನಸ್ ಮಾತ್ರ ನಮ್ಮಲ್ಲಿ ಕೈಗೆ. ಚೌತಿಗೆ ಕೆಲವು ದಿನ ಮೊದಲು ಒಂದು ಮಧ್ಯಾಹ್ನ, ಸುಲಿಯುವ ಮೇಜುಗಳನ್ನು ತೊಳೆದು, ಎಲ್ಲರೂ ಸಾಲಾಗಿ ನಿಂತು, ಹೆಸರು ಕರೆದಾಗ ಬಂದು ಲಕೋಟೆ ತೆಗೆದುಕೊಳ್ಳುತ್ತಾರೆ. ಇದನ್ನೂ ಬ್ಯಾಂಕಿಗೇ ಹಾಕಿಬಿಡೋಣ ಎಂದು ಮಾಲಕರು ಒಮ್ಮೆ ಹೇಳಿದಾಗ ಒಪ್ಪದವರು ಹೆಂಗಸರೇ.

"ಬ್ಯಾಂಕಿಗೆ ಹಾಕಿದ್ರೆ ಗಂಡನ ಫೋನು ಟಣ್ ಅಂತದೆ. ನಾವು ಮನೆ ಮುಟ್ಟೂದ್ರೊಳಗೆ ಅವ್ನು ಅಂಗಡಿ ಮುಟ್ಟಿರ್ತ" ಎಂದಳು ಮಂಕಾಳಿ. ಬೆಳಕೆ ಊರಿನ ಮಂಕಾಳಿ ಸುಲಿಯುವವರಲ್ಲಿ ಹಳಬಳು. ಅಕ್ಕೋರಿಗೆ ಎದುರು ಮಾತಾಡಬಲ್ಲವಳು ಅವಳೊಬ್ಬಳೇ. ಮಾರ್ಚ್ ಬಂತೆಂದರೆ ಅವಳು ಕಿಟಕಿಗೆ ಮುಖವಿಟ್ಟು ಕೇಳುವುದು, ಅಕ್ಕೋರು ತಲೆ ಎತ್ತದೆ ಉತ್ತರ ಕೊಡುವುದು, ನಾನು ಬರುವ ಮೊದಲಿನಿಂದಲೂ ನಡೆದುಬಂದದ್ದು.

"ಅಕ್ಕೋರೇ, ಈ ವರ್ಷ ಎಷ್ಟಾಗ್ತದೆ? ಸುಮ್ನೆ ಅಂದಾಜು ಹೇಳಿ."

"ಅಂದಾಜು ಮಾಲಕರಿಗೆ. ನಿಂಗೆ ಲೆಕ್ಕ."

"ಹಂಗಾರೆ ಲೆಕ್ಕನೇ ಹೇಳಿ."

"ಚೌತಿಗೆ ಹೇಳ್ತೆ."

"ಅಷ್ಟರೊಳಗೆ ನಾ ಸತ್ತೋದ್ರೆ?"

"ಸತ್ರೂ ಬಿಡೂದಿಲ್ಲ. ಬೆಳಕೆಗೆ ತಂದು ಕೊಡ್ತೆ."

ಇದು ತಮಾಷೆಯಾಗಿರಲಿಲ್ಲ. ಅಕ್ಕೋರು ನಿಜಕ್ಕೂ ಹಾಗೆ ಮಾಡುತ್ತಿದ್ದರು.

ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬಂದು ಅಲ್ಲಿ ಸೇರಿದ್ದು ಒಂದು ಜನವರಿಯಲ್ಲಿ. ನನ್ನ ಮನೆ ಶಿರಾಲಿ, ಅವರದು ಕುಮಟಾ. ನಾನು ಬಡಗಿನ ಕಡೆಗೆ ಬಸ್ಸಿನಲ್ಲಿ ಬರುತ್ತಿದ್ದೆ, ಅವರು ತೆಂಕಿನ ಕಡೆಗೆ. ಮೊದಲ ವಾರವೇ ಅವರು ನನಗೆ ಹೇಳಿದ್ದು: "ಲೆಕ್ಕ ಬರ್ತದೆ ನಿಂಗೆ, ಅದು ಗೊತ್ತಾತು. ದನಿ ಬರೂದಿಲ್ಲ. ಹೆಸರು ಕರೂಕೆ ದನಿ ಬೇಕು ತಂಗಿ." ನನ್ನ ದನಿ ಚಿಕ್ಕದು. ಎರಡನೆಯ ಸಲ ಹೇಳಿದರೂ ಬಸ್ ಕಂಡಕ್ಟರ್ "ಎಲ್ಲಿ?" ಎನ್ನುತ್ತಾನೆ. ಅದನ್ನು ಸರಿಪಡಿಸಿಕೊಳ್ಳಬೇಕೆಂದು ನನಗೆ ಎಂದೂ ಅನಿಸಿದ್ದಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಬೋನಸ್ಸಿನ ಅಂದಾಜು ಮಾಡಲು ನನಗೇ ಹೇಳಿದರು. ಕೊಡುವುದು ಚೌತಿಗೆ, ಆದರೆ ವರ್ಷದ ಲೆಕ್ಕ ಮುಚ್ಚುವುದು ಮಾರ್ಚ್ ಕೊನೆಗೆ. ಆಗಲೇ ಎಷ್ಟಾದೀತೆಂದು ಎಣಿಸಿ ಆ ಹಣವನ್ನು ಬದಿಗಿಡಬೇಕು. ಕಡಿಮೆಯೆಂದರೆ ವರ್ಷದ ಗಳಿಕೆಯ ಹನ್ನೆರಡರಲ್ಲೊಂದು ಪಾಲು ಕೊಡಲೇಬೇಕೆಂದು ಕಾನೂನು ಇದೆ. ಅಂದರೆ ಒಂದು ತಿಂಗಳ ಸಂಬಳ. ಅಕ್ಕೋರು ಅದನ್ನು ಹದಿಮೂರನೇ ತಿಂಗಳು ಎನ್ನುತ್ತಿದ್ದರು. ಕ್ಯಾಲೆಂಡರಿನಲ್ಲಿ ಇಲ್ಲದ ತಿಂಗಳು.

ನಾನು ಕಂಪ್ಯೂಟರಿನಿಂದ ಕೆಲಸಗಾರರ ಪಟ್ಟಿ ತೆಗೆದು, ಒಬ್ಬೊಬ್ಬರ ದಿನ, ಗಳಿಕೆ ಹಾಕಿ, ಕೂಡಿ, ಎರಡು ಸಲ ತಾಳೆ ನೋಡಿ ಕೊಟ್ಟೆ. ಅಕ್ಕೋರು ಮೊತ್ತವನ್ನು ನೋಡಲೇ ಇಲ್ಲ. ಬೆರಳನ್ನು ಹೆಸರುಗಳ ಮೇಲೆ ಮೇಲಿಂದ ಕೆಳಗೆ ಇಳಿಸಿದರು.

"ಕಮ್ಮಿ ಜನ ಇದ್ದಾರಲ್ಲೇ ತಂಗಿ" ಎಂದರು.

ನಾನು ತೆಗೆದದ್ದು ಆಗ ಕೆಲಸದಲ್ಲಿ ಇದ್ದವರ ಪಟ್ಟಿ. ನಡು ವರ್ಷದಲ್ಲಿ ಬಿಟ್ಟು ಹೋದವರು ಅದರಲ್ಲಿರಲಿಲ್ಲ. ದೀಪಾವಳಿಯ ಹೊತ್ತಿಗೆ ಜ್ವರದಲ್ಲಿ ತೀರಿಕೊಂಡ ಪ್ಯಾಕಿಂಗಿನ ಒಬ್ಬ ಅಜ್ಜಿ ಇರಲಿಲ್ಲ. ವರ್ಷದಲ್ಲಿ ಮೂವತ್ತು ದಿನ ದುಡಿದವರಿಗೆಲ್ಲ ಪಾಲು ಉಂಟು, ಅವರು ಈಗ ಎಲ್ಲಿದ್ದರೂ. "ಬಿಟ್ಟವರಿಗೆ ತಪ್ಪೂದಿಲ್ಲ, ಸತ್ತವರಿಗೆ ತಪ್ಪೂದಿಲ್ಲ. ಕದ್ದು ಕೆಲಸ ಕಳಕಂಡವರಿಗೆ ಮಾತ್ರ ತಪ್ತದೆ" ಎಂದು ಅಕ್ಕೋರು ಹೇಳಿ ಒಬ್ಬೊಬ್ಬರನ್ನೇ ಬರೆಸಿದರು. ಇದರಲ್ಲಿ ಅವರು ಎಷ್ಟು ಕಟ್ಟುನಿಟ್ಟೆಂದರೆ, ಜನರೇಟರಿನ ಡೀಸೆಲ್ ಕದ್ದು ಸಿಕ್ಕಿಬಿದ್ದವನ ಹೆಂಡತಿ ಬಾಗಿಲಲ್ಲಿ ನಿಂತು ಅತ್ತಾಗ, ಅವಳು ಅತ್ತು ಮುಗಿಯುವ ತನಕ ಕನ್ನಡಕ ಒರೆಸುತ್ತ ಕೂತರು. ಆಮೇಲೆ "ಇಲ್ಲ" ಎಂದರು. ಅಷ್ಟೇ.

ದಿನಗಳಲ್ಲೂ ನಾನು ತಪ್ಪಿದ್ದೆ. ಸಮುದ್ರಕ್ಕೆ ಇಳಿಯಬಾರದ ಮಳೆಗಾಲದ ತಿಂಗಳುಗಳಲ್ಲಿ ಸಿಗಡಿ ಇಲ್ಲ, ಕಾರ್ಖಾನೆಯೂ ಮುಚ್ಚಿರುತ್ತದೆ. ಆ ದಿನಗಳನ್ನು ನಾನು ಬಿಟ್ಟಿದ್ದೆ. ಕೆಲಸಗಾರರ ಜೊತೆಗಿನ ಒಪ್ಪಂದದ ಪ್ರಕಾರ ಮುಚ್ಚಿದ ದಿನಗಳನ್ನೂ ದುಡಿದ ದಿನಗಳೆಂದೇ ಹಿಡಿಯಬೇಕು.

"ಮಳೆಗಾಲದ್ದು, ಬಾರದಿದ್ರೂ ಬಂದ ಹಾಗೆ" ಎಂದರು ಅಕ್ಕೋರು. "ಬಾಣಂತಿ ರಜೆ, ಬಾರದಿದ್ರೂ ಬಂದ ಹಾಗೆ. ಮಶಿನ್ನಿಗೆ ಬೆರಳು ಕೊಟ್ಟು ಆಸ್ಪತ್ರೆಯಲ್ಲಿ ಬಿದ್ದದ್ದು, ಬಾರದಿದ್ರೂ ಬಂದ ಹಾಗೆ. ಬರಕೋ."

ಬರೆದುಕೊಂಡೆ. ಕೊನೆಗೆ ಒಂದು ಹೆಸರು ಹೇಳಿದರು: ಜಟ್ಟಪ್ಪ ಮಂಜಪ್ಪ, ತೆಂಗಿನಗುಂಡಿ. ಐಸ್ ಪ್ಲಾಂಟಿನಲ್ಲಿದ್ದವನು. ಆಗಸ್ಟಿನ ತನಕ ಅವನ ದಿನಗಳಿದ್ದವು. ಅಲ್ಲಿಂದ ಮುಂದೆ ಇರಲಿಲ್ಲ. ಆ ಚೌತಿಗೆ ಬಂದ ಹಿಂದಿನ ವರ್ಷದ ಬೋನಸ್ಸನ್ನೂ ಅವನು ಪಡೆದಿರಲಿಲ್ಲ.

"ಇವರು ಬಿಟ್ಟದ್ದಾ, ತೀರಿಕೊಂಡದ್ದಾ?" ಎಂದು ಕೇಳಿದೆ. ಪಟ್ಟಿಯಲ್ಲಿ ಎರಡರಲ್ಲೊಂದನ್ನು ಬರೆಯಬೇಕಿತ್ತು.

ಅಕ್ಕೋರು ಬಾಗಿಲ ಕಡೆ ನೋಡುತ್ತಿದ್ದರು.

"ಒಂದು ದಿನ ಕೇಳಿದ್ದ" ಎಂದರು. "ನಾನು ಆತು ಅಂದೆ."

ಉಳಿದದ್ದು ನನಗೆ ಗೊತ್ತಾದದ್ದು ಮಂಕಾಳಿಯಿಂದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಇಳಿದಿದ್ದವು, ಐಸಿಗೆ ಜನ ಸಾಲದು, ಯಾರಿಗೂ ರಜೆ ಕೊಡಬೇಡಿ ಎಂದು ಮಾಲಕರು ಹೇಳಿದ್ದರು. ಜಟ್ಟಪ್ಪ ಬಂದು ಅಕ್ಕೋರ ಮೇಜಿನ ಮುಂದೆ ತಲೆ ಕೆರೆಯುತ್ತ ನಿಂತ. ನೆಂಟರ ದೋಣಿಗೆ ಒಬ್ಬ ಆಳು ಕಮ್ಮಿ, ಒಂದೇ ದಿನ ಹೋಗಿ ಬರ್ತೆ ಎಂದ. ಅಕ್ಕೋರು ಕೊಟ್ಟರು. ದೋಣಿ ಮಗುಚಿತು. ಜೊತೆಗಿದ್ದವರು ಈಜಿ ದಡ ಸೇರಿದರು. ಜಟ್ಟಪ್ಪ ಬರಲಿಲ್ಲ, ಅವನ ಹೆಣವೂ ಬರಲಿಲ್ಲ.

ಇದನ್ನು ಕೇಳಿದ ಮೇಲೆ ನಾನು ಕೆಲವನ್ನು ಗಮನಿಸತೊಡಗಿದೆ. ಅಕ್ಕೋರು ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ಪೇಪರಿನಲ್ಲಿ ನಿಧನದ ಸುದ್ದಿಗಳನ್ನು ಓದುತ್ತಿದ್ದರು. ಓದಿ ಮಡಚಿಟ್ಟು, "ನಮ್ಮವರು ಯಾರೂ ಇಲ್ಲ" ಎಂದು ಊಟಕ್ಕೆ ಕೈಹಾಕುತ್ತಿದ್ದರು. ಅದು ಮೊದಲಿನಿಂದಲೂ ಇದ್ದ ರೂಢಿ, ಅಂದಾಜಿಗೆ ಬೇಕಾದದ್ದು ಎಂದು ನಾನು ತಿಳಿದಿದ್ದೆ. ಒಮ್ಮೆ ಕೆಲಸದ ಮೇಲೆ ಅವರ ಜೊತೆ ಕುಮಟಾಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ ಎರಡೂ ಬದಿ ಸೀಟು ಖಾಲಿಯಿತ್ತು. ಅವರು ಪೂರ್ವದ ಬದಿಗೆ ಕೂತರು. ಶರಾವತಿ ಸೇತುವೆಯ ಮೇಲೆ ಎಲ್ಲರೂ ಅಳಿವೆಯ ಕಡೆ ತಿರುಗುತ್ತಾರೆ, ಹೊಳೆ ಸಮುದ್ರ ಸೇರುವಲ್ಲಿ ಬೋಟುಗಳು ಸಾಲಾಗಿ ಒಳಬರುವುದು ಕಾಣುತ್ತದೆ. ಅಕ್ಕೋರು ಸೇತುವೆ ಮುಗಿಯುವ ತನಕ ತಮ್ಮ ಚೀಲದ ಜಿಪ್ಪು ನೋಡುತ್ತಿದ್ದರು. ಸಮುದ್ರದ ಮೀನು ತಿನ್ನುವುದನ್ನೂ ಬಿಟ್ಟಿದ್ದಾರೆಂದು ಮಂಕಾಳಿ ಹೇಳಿದಳು. "ಮೀನ್ ಕಾರ್ಖಾನೆಯಲ್ಲಿ ಕೂತು ಬದನೇಕಾಯಿ ತಿಂತ್ರು. ಇವ್ರಿಗೆ ಎಂತ ಆತು ಅಂಬುದು ಯಾರಿಗೂ ಗೊತ್ತಿಲ್ಲ ಅಂತ ಎಣಿಸಿದ್ರು."

ಆ ವರ್ಷದ ಚೌತಿಯ ಮೊದಲು ಅಕ್ಕೋರು ಹೆಸರು ಕರೆಯುವುದನ್ನು ನಾನು ಮೊದಲ ಸಲ ಕೇಳಿದೆ. ಸಣ್ಣ ಆಳು, ಆದರೆ ದನಿ ತಗಡಿನ ಮಾಡಿಗೆ ತಾಗಿ ಬರುತ್ತಿತ್ತು. ಮೊದಲು ಹೆಸರು, ಆಮೇಲೆ ತಂದೆಯದೋ ಗಂಡನದೋ ಹೆಸರು, ಆಮೇಲೆ ಊರು. ಕರೆದವರು "ಬಂದೆ" ಎಂದು ಮುಂದೆ ಬರಬೇಕು. ಸತ್ತವರ ಹೆಸರನ್ನೂ ಕರೆಯುತ್ತಿದ್ದರು, ಇದ್ದವರನ್ನು ಕರೆಯುವ ಅದೇ ದನಿಯಲ್ಲಿ. ಆಗ ಮಗಳೋ ಸೊಸೆಯೋ ಮುಂದೆ ಬಂದು "ಬಂದೆ" ಎನ್ನುತ್ತಿದ್ದರು. ಪ್ಯಾಕಿಂಗಿನ ಅಜ್ಜಿಯ ಮೊಮ್ಮಗಳು ಬಂದಾಗ ಯಾರೋ ಮೂಗು ಸೀಟಿದ್ದು ಕೇಳಿತು.

ಜಟ್ಟಪ್ಪನದು ಕೊನೆಯ ಹೆಸರು. ಕರೆದು, ಕಾದರು. ಯಾರೂ ಬರಲಿಲ್ಲ. ತೊಳೆದ ಮೇಜುಗಳಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಹೆಂಗಸರು ನೆಲ ನೋಡುತ್ತ ನಿಂತಿದ್ದರು. ಆಮೇಲೆ ಅಕ್ಕೋರು ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಭಾನುವಾರ. ತೆಂಗಿನಗುಂಡಿ ನನ್ನ ಊರಿಗೆ ಹತ್ತಿರವಾದ್ದರಿಂದ ನನ್ನನ್ನು ಜೊತೆಗೆ ಬರಲು ಹೇಳಿದರು. ಜಟ್ಟಪ್ಪನ ಹೆಂಡತಿ ಮಾದೇವಿ. ಮದುವೆಗೆ ಮೊದಲು ಅವಳೂ ಇದೇ ಕಾರ್ಖಾನೆಯಲ್ಲಿ ಸುಲಿಯುತ್ತಿದ್ದವಳು. ಈಗ ಒಣಮೀನು ಮಾರುತ್ತಾಳೆ. ಮನೆಯೆದುರು ಬಲೆಯ ಬೇಲಿ, ಅದರಾಚೆ ಮರಳು, ಅದರಾಚೆ ಸಮುದ್ರ. ಅಕ್ಕೋರು ಬೇಲಿಯ ಹೊರಗೇ ನಿಂತರು. ಸಮುದ್ರಕ್ಕೆ ಬೆನ್ನು ಹಾಕಿ ನಿಂತರು. ಕಾರ್ಖಾನೆಯಲ್ಲಿ ಕರೆದ ಹಾಗೇ ಕರೆದರು.

"ಜಟ್ಟಪ್ಪ ಮಂಜಪ್ಪ, ತೆಂಗಿನಗುಂಡಿ."

ಮಾದೇವಿ ಒಳಗಿಂದ ಬಂದು ಮೆಟ್ಟಿಲ ಮೇಲೆ ನಿಂತಳು. ಹಣೆಯಲ್ಲಿ ದೊಡ್ಡ ಕುಂಕುಮ, ಆಗಷ್ಟೇ ಇಟ್ಟದ್ದು.

"ಮನೇಲಿಲ್ಲ ಅಕ್ಕೋರೇ. ಬಂದ್ಮೇಲೆ ಹೇಳ್ತೆ."

"ಆತು" ಎಂದರು ಅಕ್ಕೋರು.

ಅವಳು ನೀರು, ಬೆಲ್ಲ ತಂದಿಟ್ಟಳು. ಮಗಳ ಶಾಲೆಯ ಮಾತಾಯಿತು. ಯಾರೂ ಲಕೋಟೆಯ ವಿಷಯ ಎತ್ತಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ನಾನು, ವಾರಸುದಾರಳೆಂದು ಅವಳು ಸಹಿ ಹಾಕಿದರೆ ಹಣ ಕೊಡಬಹುದಲ್ಲ, ಪಂಚಾಯ್ತಿಯ ಒಂದು ಚೀಟಿ ತಂದರೆ ಸಾಕೆಂದು ಮಾಲಕರೂ ಹೇಳಿದ್ದಾರಲ್ಲ, ಎಂದೆ. ಅಕ್ಕೋರು ನನ್ನತ್ತ ನೋಡದೆ ಹೇಳಿದರು, "ಹಂಗೆ ಸಹಿ ಹಾಕ್ಸಿದ್ರೆ ಅಂವ ಸತ್ತ ಅಂತ ಅವಳ ಕೈಲೇ ಬರೆಸಿದ ಹಾಗೆ ಆಗೂದಿಲ್ವಾ? ಆ ಹುಡುಗಿ ಕಾಯ್ತಾ ಇದ್ದಾಳೆ."

ಆ ಕುಂಕುಮವನ್ನು ನಾನೂ ನೋಡಿದ್ದೆ.

ಮುಂದಿನ ಮಾರ್ಚಿನ ಪಟ್ಟಿಯಲ್ಲೂ ಅವರು ಜಟ್ಟಪ್ಪನ ಹೆಸರು ಬರೆಸಿದರು. ಆ ವರ್ಷ ಅವನದು ಒಂದು ದಿನವೂ ಇರಲಿಲ್ಲ. ಹೊಸದಾಗಿ ಒಂದು ರೂಪಾಯಿಯೂ ಸೇರುತ್ತಿರಲಿಲ್ಲ. ದಿನಗಳ ಜಾಗದಲ್ಲಿ ಸೊನ್ನೆ ಹಾಕಲೇ ಎಂದೆ. "ಬೇಡ, ಖಾಲಿ ಬಿಡು" ಎಂದರು. ಆ ಚೌತಿಗೂ ಬೇಲಿಯ ಹೊರಗೆ ನಿಂತು ಕರೆದರು. ಆಗಲೂ ಅದೇ ಉತ್ತರ, ಅದೇ "ಆತು." ಅವರ ದನಿ ಸ್ವಲ್ಪ ಒಡೆದಿತ್ತು. ಮಾದೇವಿಯ ಅತ್ತೆ ಒಳಗಿಂದ ಏನೋ ಗೊಣಗಿದ್ದು ಕೇಳಿತು. ಮಾದೇವಿ ತಿರುಗಿ "ಸುಮ್ನಿರಿ" ಎಂದಳು.

ಮಂಗಳೂರಿನಿಂದ ಹೊಸ ಮ್ಯಾನೇಜರ್ ಬಂದದ್ದು ಆ ಚಳಿಗಾಲದಲ್ಲಿ. ಕೆಟ್ಟವರಲ್ಲ. ಪಟ್ಟಿ ನೋಡಿ, ಮೂರು ವರ್ಷ ಯಾರೂ ತೆಗೆದುಕೊಳ್ಳದ ಹಣವನ್ನು ಕಾರ್ಮಿಕ ಕಲ್ಯಾಣದ ಸರ್ಕಾರಿ ನಿಧಿಗೆ ಕಟ್ಟಬೇಕು, ಬರುವ ಚೌತಿಗೆ ಮೂರು ಆಗುತ್ತದೆ, ಅಷ್ಟರೊಳಗೆ ಹೆಂಡತಿಯ ಸಹಿ ತನ್ನಿ, ಇಲ್ಲವೆಂದರೆ ಹಣ ಕಟ್ಟಿ ಹೆಸರು ತೆಗೆಯಿರಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅಕ್ಕೋರಿಗೂ ಅದು ಗೊತ್ತಿತ್ತು. ಅಂದು ಸಂಜೆ ಹೊರಡುವಾಗ, "ಹೆಸರು ತೆಗದ್ರೆ ಮತ್ತೆ ಕರೂಕೆ ಎಂತ ಉಳೀತದೆ?" ಎಂದರು.

ಆ ಮಾರ್ಚಿನ ಅಂದಾಜು ಮುಗಿಸಿದರು. ಜೂನಿನಲ್ಲಿ ಕಾರ್ಖಾನೆ ಮುಚ್ಚಿದ ಎರಡನೇ ವಾರ, ಕುಮಟಾದಲ್ಲಿ, ತಂಗಿಯ ಮನೆಯ ಜಗಲಿಯಲ್ಲಿ ಪೇಪರು ಓದುತ್ತ ಕೂತವರು ಏಳಲಿಲ್ಲವಂತೆ. ಮರುದಿನದ ಪೇಪರಿನಲ್ಲಿ ಅವರದು ನಾಲ್ಕು ಸಾಲು ಬಂತು. ಅದರಲ್ಲಿ ಕಾರ್ಖಾನೆಯ ಹೆಸರಿತ್ತು, ವಯಸ್ಸಿತ್ತು. ಅವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ. ಬೇರೆ ಯಾರದೋ ಹೆಸರಿನ ಹಾಗಿತ್ತು.

ಆಗಸ್ಟಿನಲ್ಲಿ ಕಾರ್ಖಾನೆ ತೆರೆಯಿತು. ಚೌತಿ ಹತ್ತಿರ ಬಂತು. ಹೆಸರು ಕರೆಯುವುದು ಈಗ ನನ್ನ ಪಾಲಿಗೆ. ನನ್ನ ದನಿಯ ವಿಷಯ ಗೊತ್ತಿದ್ದ ಮ್ಯಾನೇಜರ್ ಒಂದು ಮೈಕು ತರಿಸಿಕೊಟ್ಟರು. ಮೈಕಿನಲ್ಲಿ ನನ್ನ ದನಿ ದೊಡ್ಡದಾಯಿತೇ ಹೊರತು ಕರೆದಂತೆ ಆಗಲಿಲ್ಲ. ರೈಲ್ವೆ ಸ್ಟೇಶನ್ನಿನಲ್ಲಿ ಹೇಳಿದ ಹಾಗಿತ್ತು.

"ಯಾವ ಪ್ಲಾಟ್‌ಫಾರ್ಮಿಗೆ ಬರೂದು ಮಾರಾಯ್ತಿ?" ಎಂದು ಮಂಕಾಳಿ ಸಾಲಿನಿಂದ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೊನೆಗೆ ಜಟ್ಟಪ್ಪನ ಹೆಸರು ಓದಿದೆ. ಅಕ್ಕೋರು ಕಾಯುತ್ತಿದ್ದಷ್ಟೇ ಹೊತ್ತು ಕಾದೆ. ಎಲ್ಲರ ಕಣ್ಣು ನೆಲಕ್ಕಿಳಿಯಿತು. ಅಕ್ಕೋರ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಹಿಂದೆಯೂ ಎಂದೂ ಇರಲಿಲ್ಲ. ಸಂಬಳ ಒಂದು ಮಿತಿ ದಾಟಿದವರಿಗೆ ಬೋನಸ್ ಕಾನೂನು ಅನ್ವಯಿಸುವುದಿಲ್ಲ. ಅಷ್ಟು ವರ್ಷ ಎಲ್ಲರದನ್ನೂ ಎಣಿಸಿದವರಿಗೆ ಹದಿಮೂರನೇ ತಿಂಗಳು ಇರಲಿಲ್ಲ.

ಭಾನುವಾರ ತೆಂಗಿನಗುಂಡಿಗೆ ಒಬ್ಬಳೇ ಹೋದೆ. ಚೀಲದಲ್ಲಿ ಲಕೋಟೆ, ವಾರಸುದಾರರು ಸಹಿ ಹಾಕಬೇಕಾದ ಕಾಗದ. ಬಸ್ಸಿನಲ್ಲಿ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ: ಇದು ಕೊನೆಯ ವರ್ಷ, ಸಹಿ ಹಾಕದಿದ್ದರೂ ಹಣ ಎಲ್ಲಿಯೂ ಹೋಗುವುದಿಲ್ಲ, ಸರ್ಕಾರದ ನಿಧಿಯಿಂದ ಆಮೇಲೂ ಕೇಳಬಹುದು. ಆದರೆ ಹೆಸರು ಇನ್ನು ಕರೆಯುವುದಿಲ್ಲ. ಆ ಕೊನೆಯದನ್ನು ಅವಳಿಗೆ ಹೇಗೆ ಹೇಳುವುದೆಂದು ಮಾತ್ರ ಜೋಡಿಸಲಾಗಲಿಲ್ಲ.

ಬೇಲಿಯ ಹೊರಗೆ, ಅಕ್ಕೋರು ನಿಲ್ಲುತ್ತಿದ್ದಲ್ಲೇ ನಿಂತೆ. ಬೆನ್ನಿಗೆ ಸಮುದ್ರದ ಗಾಳಿ. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸುವುದರೊಳಗೆ ಮಾದೇವಿಯೇ ಹೊರಗೆ ಬಂದಳು.

"ಬಾ ತಂಗಿ. ಕರೀಲಿಲ್ಲ ಅಲ್ದಾ ನೀನು?"

"ನನಗೆ ಆಗಲಿಲ್ಲ" ಎಂದೆ.

"ಅಡ್ಡಿಲ್ಲ. ಒಳಗ್ ಬಾ."

ಅವಳ ಹಣೆ ಬರಿದಾಗಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ನೀರು, ಬೆಲ್ಲ ತಂದಿಟ್ಟು ನನ್ನೆದುರು ಕೂತಳು. ನಾನು ಜೋಡಿಸಿಕೊಂಡದ್ದನ್ನು ಹೇಳತೊಡಗಿದೆ. ಅರ್ಧದಲ್ಲೇ ತಡೆದಳು.

"ಅಕ್ಕೋರು ನನ್ನ ಸಲುವಾಗಿ ಬತ್ತಿದ್ರು ಅಂತ ಮಾಡಿದ್ಯಾ ನೀನು?"

ನಾನು ಕೈಗೆತ್ತಿಕೊಂಡ ನೀರನ್ನು ಕೆಳಗಿಟ್ಟೆ.

"ಮೊದಲ್ನೇ ವರ್ಷವೇ, ನೀ ಬರೂಕೆ ಮುಂಚೆ, ನಾ ಕೇಳಿದ್ದೆ, ಎಲ್ಲಿ ಸಹಿ ಹಾಕೂದು ಕೊಡಿ ಅಂತ. ಮನೆ ನಡೀಬೇಕಲೆ, ಹುಡ್ಗಿ ಶಾಲೆ ಬೇರೆ. ಲಕೋಟೆ ಕೈಲೇ ಇತ್ತು ಅವ್ರದ್ದು. ಹಿಂದೆ ತಗಂಡ್ರು. ಅಂವ ಬತ್ತ, ಬಂದ್ಮೇಲೆ ಅವನ ಕೈಲೇ ಕೊಡ್ತೆ ಅಂದ್ರು. ಲಕೋಟೆ ಎದೆಗೆ ಹಿಡ್ಕಂಡು ಹಿಂಗ್ ನಿಂತಿದ್ರು." ಅವಳು ಎರಡೂ ಕೈಯನ್ನು ಎದೆಗೊತ್ತಿ ತೋರಿಸಿದಳು. "ನಾ ಎಂತ ಹೇಳೂದು? ಆತು, ಬಂದ್ಮೇಲೆ ಹೇಳ್ತೆ ಅಂದೆ. ಒಂದ್ಸಲ ಅಂದ್ಮೇಲೆ ಪ್ರತಿ ವರ್ಷ ಅಂಬುದೇ ಆತು."

"ನಿಮಗೆ ಗೊತ್ತಿತ್ತಾ?"

"ಜೊತೇಲಿದ್ದವ್ರು ಕಣ್ಣಾರೆ ಕಂಡ್ರಲೆ ತಂಗಿ, ಮುಳುಗೂದು. ಅವ್ರೇ ಬಂದು ಹೇಳಿದ್ರು. ಅಕ್ಕೋರಿಗೂ ಹೇಳಿದ್ರು. ನಾ ಹದಿಮೂರನೇ ದಿನ ಎಲ್ಲ ಮುಗಿಸಿದ್ದೆ. ಅಕ್ಕೋರು ಬರೂ ದಿನ ಮಾತ್ರ ಕುಂಕುಮ ಇಟ್ಕಂತಿದ್ದೆ. ಅತ್ತೆ ಬೈತಿದ್ರು, ಮಗ ಸತ್ತದ್ದು ನಂಗೆ, ಇವಳು ನಾಟ್ಕ ಮಾಡ್ತಾಳೆ ಅಂತ. ಅವ್ರು ಹೋಗೂ ತನಕ ಸುಮ್ನಿರಿ ಅಂತಿದ್ದೆ."

"ಹಣ ಬೇಕಿತ್ತಲ್ಲ ನಿಮಗೆ" ಎಂದೆ. ಬೇರೆ ಏನನ್ನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಅದು.

"ಬೇಕಿತ್ತು" ಎಂದಳು. ಬೇಲಿಯ ಕಡೆ ನೋಡಿದಳು. "ನಂಗೆ ಬರೆಯೂಕೆ ಕಲಿಸಿದವ್ರು ಅವ್ರು. ನನ್ನ ಹೆಸರು ಹಿಂಗಿರ್ತದೆ ಅಂತ ನಾ ಕಂಡದ್ದು ಅವರ ದೆಸೆಯಿಂದ. ಅವ್ರು ಕೊಡೂಕಾಗೂದಿಲ್ಲ ಅಂದ್ರೆ ಕಿತ್ಕಂಬುಕೆ ಆಗ್ತದಾ? ಈಗ ಕೊಡು, ಎಲ್ಲಿ ಹಾಕೂದು?"

ಕಾಗದ ತೆಗೆದೆ. ಅದರಲ್ಲಿ ಬರೆದದ್ದನ್ನು ಓದಿ ಹೇಳಬೇಕೆಂದು ನಿಯಮವಿಲ್ಲ, ಆದರೂ ಓದಿದೆ. ಮೃತರ ವಾರಸುದಾರರು ಎಂಬಲ್ಲಿ ಅವಳು ತಲೆಯಾಡಿಸಿದಳು. ಪೆನ್ನನ್ನು ಮುಷ್ಟಿಯ ಹಾಗೆ ಹಿಡಿದು, ನಾಲಿಗೆಯ ತುದಿ ಕಚ್ಚಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ಕೆಳಗಿದ್ದ ಖಾಲಿ ಹಾಳೆಗೂ ಅದು ಇಳಿಯಿತು. ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎಣಿಸದೆ, ದೇವರ ಪಟದ ಹಿಂದೆ ಸೇರಿಸಿದಳು.

ನಾನು ಬೇಲಿ ದಾಟುವಾಗ ಹಿಂದಿನಿಂದ ಕೇಳಿದಳು, "ಅಕ್ಕೋರಿಗೆ ಗೊತ್ತಿತ್ತೇನ ತಂಗಿ, ನಾ ಸುಳ್ಳು ಹೇಳೂದು?"

ಗೊತ್ತಿಲ್ಲ ಎಂದೆ. ಇವತ್ತಿಗೂ ಗೊತ್ತಿಲ್ಲ. ಪ್ರತಿ ಸಲ "ಆತು" ಎನ್ನುವಾಗ ಅವರು ಮಾದೇವಿಯ ಹಣೆಯನ್ನು ನೋಡುತ್ತಿದ್ದರೋ ಅವಳ ಹಿಂದಿನ ಬಾಗಿಲನ್ನೋ ಎಂದು ನೆನಪಿಸಿಕೊಳ್ಳಲು ನೋಡುತ್ತೇನೆ. ನಾನು ಆಗ ನೋಡುತ್ತಿದ್ದದ್ದು ಅವಳನ್ನು, ಅಕ್ಕೋರನ್ನಲ್ಲ.

ಈ ಮಾರ್ಚಿನಲ್ಲಿ ಅಂದಾಜು ನಾನೊಬ್ಬಳೇ ಮಾಡಿದೆ. ಬಿಟ್ಟವರನ್ನು ಬರೆದೆ, ತೀರಿಕೊಂಡವರನ್ನು ಬರೆದೆ, ಬಾಣಂತಿಯರ ದಿನಗಳನ್ನು, ಮಳೆಗಾಲದ ದಿನಗಳನ್ನು ಬಂದ ಹಾಗೆಯೇ ಹಿಡಿದೆ. ಜಟ್ಟಪ್ಪನ ಹೆಸರು ಬರೆಯಬೇಕಾಗಿರಲಿಲ್ಲ. ಅವನಿಗೆ ಕೊಡಬೇಕಾದದ್ದನ್ನು ಕೊಟ್ಟಾಗಿದೆ. ಮಂಕಾಳಿ ಕಿಟಕಿಗೆ ಬಂದು "ಅಂದಾಜು ಎಷ್ಟೇ?" ಎಂದಳು, "ಚೌತಿಗೆ ಹೇಳ್ತೇನೆ" ಎಂದೆ. ಅವಳು ಮುಂದಿನ ಮಾತನ್ನು ಕೇಳದೆ ಹೋದಳು. ಸಂಜೆ ಕಾರ್ಖಾನೆಯ ವ್ಯಾನು ಹೆಂಗಸರನ್ನು ತುಂಬಿಕೊಂಡು ಹೊರಟಿತು. ನಾನು ಪಟ್ಟಿಯ ಮೇಲಿಂದ ಕೆಳಗೆ ಬೆರಳು ಇಳಿಸಿದೆ. ಎಲ್ಲ ತಾಳೆಯಾಗುತ್ತಿತ್ತು. ಕುರ್ಚಿ ಯಾವಾಗಲೋ ಬಾಗಿಲ ಕಡೆ ತಿರುಗಿತ್ತು.

ಕಮ್ಮಿ ಜನ ಇದ್ದಾರಲ್ಲೇ ತಂಗಿ.

ಮತ್ತೊಮ್ಮೆ ಎಣಿಸಿದೆ. ಸರಿಯಾಗಿಯೇ ಇತ್ತು.

"ಎಲ್ಲರೂ ಇದ್ದಾರೆ ಅಕ್ಕೋರೇ" ಎಂದೆ. ಖಾಲಿ ಕಾರ್ಖಾನೆಯಲ್ಲಿ ಆ ದನಿ ತಗಡಿನ ಮಾಡಿಗೆ ತಾಗಿ ಹಿಂದೆ ಬಂತು.